ಸ್ಪೇಸರ್ ಹಾಕುವ ಮೊದಲು: ಟೈರ್ ತಾಗುತ್ತಿರುವುದು ಎಲ್ಲಿ?

ಅಗಲದ ರಿಮ್ ಬಂತು, ಟೈರ್ ದಪ್ಪವಾಯಿತು, ಕಾರು ಎರಡು ಬೆರಳು ತಗ್ಗಿತು. ಇಷ್ಟಾದ ಮೇಲೆ ತಿರುವಿನಲ್ಲಿ ರಬ್ಬರ್ ಉಜ್ಜುವ ಸದ್ದು ಬರದಿದ್ದರೇ ಆಶ್ಚರ್ಯ. ಸದ್ದು ಬಂದ ಕೂಡಲೇ ಗ್ಯಾರೇಜಿನಲ್ಲಿ ಸಿಗುವ ಸಲಹೆ, ‘ಐದು ಎಂಎಂ ಸ್ಪೇಸರ್ ಹಾಕಿಬಿಡಿ’ ಎಂಬುದು. ಸ್ಪೇಸರ್ ಎಂದರೆ ಹಬ್‌ಗೂ (ಚಕ್ರವನ್ನು ಬಿಗಿಯುವ, ಅದರ ಜೊತೆ ತಿರುಗುವ ನಡುಭಾಗ) ರಿಮ್‌ಗೂ ನಡುವೆ ಕೂರುವ ಅಲ್ಯೂಮಿನಿಯಂ ಬಿಲ್ಲೆ. ಅದಕ್ಕೆ ಗೊತ್ತಿರುವ ಕೆಲಸ ಚಕ್ರವನ್ನು ಹೊರಕ್ಕೆ ತಳ್ಳುವುದೊಂದೇ. ಟೈರ್ ಒಳಮೈಯಲ್ಲಿ ತಾಗುತ್ತಿದ್ದರೆ ಅದು ಮದ್ದು. ಹೊರಗೆ ಫೆಂಡರ್ (ಚಕ್ರದ ಮೇಲಿನ ತಗಡು) ಅಂಚಿಗೆ ತಾಗುತ್ತಿದ್ದರೆ ಅದೇ ಕಾಯಿಲೆ ಹೆಚ್ಚಿಸುತ್ತದೆ. ಹಾಗಾಗಿ ಸ್ಪೇಸರ್‌ನ ದಪ್ಪ ಎಷ್ಟು ಎಂಬ ಪ್ರಶ್ನೆಗಿಂತ ಮೊದಲು ತಾಗುವ ಜಾಗ ಯಾವುದು ಎಂದು ಗೊತ್ತಾಗಬೇಕು.

ಜಾಗ ಹುಡುಕಲು ಕಿವಿಯನ್ನು ನಂಬಬೇಡಿ, ಚಕ್ರ ಬಿಚ್ಚಿ ಟೈರ್ ನೋಡಿ. ಒಳಗಿನ ಸೈಡ್‌ವಾಲ್‌ನಲ್ಲಿ ಸುತ್ತಲೂ ದಾರ ಕಟ್ಟಿದಂತೆ ಒಂದೇ ಸಮನಾದ ತೆಳು ಗೆರೆ ಇದ್ದರೆ ಅದು ಸ್ಟ್ರಟ್‌ಗೋ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಟ್ಟಿಗಿರುವ ಕಂಬ) ಸ್ಪ್ರಿಂಗ್ ಕೂರುವ ತಟ್ಟೆಗೋ ತಾಗುತ್ತಿದೆ. ಎದುರಿನ ಲೋಹ ಅಷ್ಟೇ ಜಾಗದಲ್ಲಿ ಫಳಫಳ ಹೊಳೆಯುತ್ತಿರುತ್ತದೆ. ಟೈರ್‌ನ ಭುಜದ ಮೇಲೆ ಅಗಲವಾಗಿ, ಒರಟಾಗಿ ಸವೆದಿದ್ದರೆ ಚಕ್ರದ ಗೂಡಿನ ಒಳಗಿನ ಪ್ಲಾಸ್ಟಿಕ್ ಹೊದಿಕೆ, ಅಂದರೆ ಲೈನರ್‌ನ ಕೆಲಸ. ಹೊರಭುಜದಲ್ಲಿ ಚಾಕುವಿನಿಂದ ಕೆತ್ತಿದಂತೆ ಚೂರುಗಳು ಎದ್ದಿದ್ದರೆ ಫೆಂಡರ್‌ನ ಒಳಮಡಿಕೆ ಕತ್ತರಿಸುತ್ತಿದೆ ಎಂದರ್ಥ. ಇದು ಎಲ್ಲಕ್ಕಿಂತ ಅಪಾಯ. ಸೈಡ್‌ವಾಲ್‌ನ ಗೆರೆಯಲ್ಲಿ ಒಳಗಿನ ನೂಲು ಕಾಣಿಸಿದರೆ ಆ ಟೈರನ್ನು ಟ್ರ್ಯಾಕಿಗೂ ಹಾಕಬಾರದು, ಮನೆಗೆ ಬರುವ ದಾರಿಗೂ ಹಾಕಬಾರದು. ಗುರುತು ಸ್ಪಷ್ಟವಿಲ್ಲದಿದ್ದರೆ ಅನುಮಾನದ ಜಾಗಗಳಿಗೆ ಪೇಂಟರ್ ಟೇಪ್ ಅಂಟಿಸಿ, ಟೈರ್‌ಗೆ ಸೀಮೆಸುಣ್ಣ ಬಳಿದು, ಖಾಲಿ ಜಾಗದಲ್ಲಿ ಎಂಟರ ಆಕಾರದಲ್ಲಿ ನಾಲ್ಕು ಸುತ್ತು ಹಾಕಿ. ಇದಕ್ಕಾಗಿ ಆಗುಂಬೆ ಘಾಟಿಗೆ ಹೋಗುವುದು ಬೇಡ. ಅಲ್ಲಿನ ಹದಿನಾಲ್ಕು ತಿರುವುಗಳಲ್ಲಿ ಎದುರಿನಿಂದ ಬರುವ ಬಸ್ಸಿಗೆ ನಿಮ್ಮ ಪರೀಕ್ಷೆಯ ವಿಷಯ ಗೊತ್ತಿರುವುದಿಲ್ಲ.

ಇನ್ನೂ ಖಚಿತವಾಗಿ ತಿಳಿಯಬೇಕೆಂದರೆ ಮುಂದಿನ ಸ್ಟ್ರಟ್‌ನಿಂದ ಸ್ಪ್ರಿಂಗ್ ತೆಗೆದು, ಬಂಪ್ ಸ್ಟಾಪ್ (ಸ್ಟ್ರಟ್ ಪೂರ್ತಿ ಕುಸಿಯದಂತೆ ತಡೆಯುವ ರಬ್ಬರ್) ಮಾತ್ರ ಇಟ್ಟು ಮತ್ತೆ ಜೋಡಿಸಿ. ಕಾರಿನ ಭಾರ ಸ್ಟ್ಯಾಂಡ್‌ಗಳ ಮೇಲಿರಲಿ. ಕೆಳಗಿನ ಆರ್ಮ್‌ಗೆ ಜಾಕ್ ಕೊಟ್ಟು, ಬಂಪ್ ಸ್ಟಾಪ್ ಅರ್ಧಕ್ಕಿಂತ ಹೆಚ್ಚು ಅಮುಕುವವರೆಗೆ ಚಕ್ರವನ್ನು ನಿಧಾನವಾಗಿ ಎತ್ತಿ. ಪ್ರತಿ ಎರಡು ಸೆಂಟಿಮೀಟರ್‌ಗೆ ನಿಲ್ಲಿಸಿ ಸ್ಟೇರಿಂಗ್ ಆ ತುದಿಯಿಂದ ಈ ತುದಿಗೆ ತಿರುಗಿಸಿ ನೋಡಿ. ಅರ್ಧ ದಿನದ ಕೆಲಸ, ಬೇಜಾರಿನ ಕೆಲಸವೂ ಹೌದು. ಆದರೆ ಟೈರ್ ಯಾವ ಎತ್ತರದಲ್ಲಿ, ಸ್ಟೇರಿಂಗ್ ಎಷ್ಟು ತಿರುಗಿದಾಗ, ಯಾವುದಕ್ಕೆ ತಾಗುತ್ತದೆ ಎಂಬುದಕ್ಕೆ ಇದಕ್ಕಿಂತ ನೇರ ಉತ್ತರ ಬೇರೆಲ್ಲೂ ಸಿಗುವುದಿಲ್ಲ.

ಸ್ವಿಫ್ಟ್, ಪೋಲೊದಂಥ ಕಾರುಗಳ ಮುಂಭಾಗದಲ್ಲಿರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಇದರ ಒಂದು ಗುಣವನ್ನು ಬಹಳ ಜನ ಗಮನಿಸುವುದಿಲ್ಲ: ಸ್ಟ್ರಟ್‌ನ ಕೊಳವೆಯನ್ನು ನಕಲ್‌ಗೆ (ಹಬ್ ಹೊತ್ತಿರುವ ಗಟ್ಟಿ ತುಂಡು) ಬಿಗಿದಿರುತ್ತಾರೆ, ಚಕ್ರವೂ ಅದೇ ನಕಲ್‌ನ ಮೇಲೆ ತಿರುಗುತ್ತದೆ. ಗುಂಡಿಗೆ ಬಿದ್ದಾಗ ಎರಡೂ ಜೊತೆಗೇ ಮೇಲೇರುತ್ತವೆ, ಸ್ಟೇರಿಂಗ್ ತಿರುಗಿಸಿದಾಗ ಎರಡೂ ಜೊತೆಗೇ ತಿರುಗುತ್ತವೆ. ಹಾಗಾಗಿ ಟೈರ್‌ಗೂ ಸ್ಟ್ರಟ್‌ಗೂ ಇರುವ ಸಂದು ಕಾರು ನಿಂತಾಗ ಎಷ್ಟಿತ್ತೋ ಓಡುವಾಗಲೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಬದಲಾಗುವುದು ಟೈರ್ ಬಾಗುವ, ಬೇರಿಂಗ್ ಬಳುಕುವ ಒಂದೆರಡು ಮಿಲಿಮೀಟರ್ ಮಾತ್ರ. ನಿಂತ ಕಾರಿನಲ್ಲಿ 4ರಿಂದ 5 ಮಿ.ಮೀ. ಸಂದಿದ್ದರೆ ಟಾರ್ ಟ್ರ್ಯಾಕಿಗೆ ಸಾಕು. ಶಾಲಾ ಮೈದಾನದಲ್ಲೋ ಕೊಯ್ಲಾದ ಗದ್ದೆಯಲ್ಲೋ ನಡೆಯುವ ಮಣ್ಣಿನ ಆಟೋಕ್ರಾಸ್‌ಗಾದರೆ 8ರಿಂದ 10 ಬೇಕು. ನಮ್ಮ ಕೆಮ್ಮಣ್ಣು ಒದ್ದೆಯಾದಾಗ ಸಂದಿನಲ್ಲಿ ಮೆತ್ತಿಕೊಂಡು, ಬ್ರೇಕಿನ ಬಿಸಿಗೆ ಒಣಗಿ ಇಟ್ಟಿಗೆಯಾಗುತ್ತದೆ; ಮತ್ತೆ ಟೈರನ್ನು ಅರದಂತೆ ಉಜ್ಜುತ್ತದೆ.

ಲೈನರ್, ಫೆಂಡರ್, ಬಂಪರ್‌ನ ಮೂಲೆ ಇವೆಲ್ಲ ಕಾರಿನ ಮೈಗೆ ಸೇರಿದವು. ಅವುಗಳ ಜೊತೆಗಿನ ಸಂದು ಚಕ್ರದ ಪ್ರತಿ ಚಲನೆಗೂ ಬದಲಾಗುತ್ತದೆ. ಸ್ಪೇಸರ್ ನಿಜವಾಗಿ ಕೆಲಸಕ್ಕೆ ಬರುವುದು ಸ್ಟ್ರಟ್‌ಗೆ ತಾಗುವ ಟೈರ್‌ಗೆ. ಕಾರಿನ ಮೈಗೆ ತಾಗುವ ಟೈರ್‌ಗೆ ಎತ್ತರ, ಬಂಪ್ ಸ್ಟಾಪ್, ಕ್ಯಾಂಬರ್ (ಚಕ್ರದ ವಾಲುವಿಕೆ), ಫೆಂಡರ್ ಅಂಚು ಇವುಗಳಲ್ಲಿ ಪರಿಹಾರ ಹುಡುಕಬೇಕು.

ಈಗ ಲೆಕ್ಕ. ರಿಮ್‌ನ ಮೇಲೆ ಇಟಿ ಎಂದು ಕೆತ್ತಿರುವ ಸಂಖ್ಯೆಯೇ ಆಫ್‌ಸೆಟ್: ರಿಮ್‌ನ ಅಗಲದ ನಡುಗೆರೆಯಿಂದ ಹಬ್‌ಗೆ ಕೂರುವ ಮುಖದವರೆಗಿನ ದೂರ, ಮಿಲಿಮೀಟರಿನಲ್ಲಿ. ಸಂಖ್ಯೆ ಹೆಚ್ಚಿದಷ್ಟೂ ಚಕ್ರ ಒಳಕ್ಕೆ. ಸ್ಪೇಸರ್‌ನ ದಪ್ಪವನ್ನು ಇದರಿಂದ ಕಳೆಯಬೇಕು. ಇಟಿ 38ರ ರಿಮ್‌ಗೆ 5 ಮಿ.ಮೀ. ಹಾಕಿದರೆ ಅದು ಇಟಿ 33. ಹಳೆಯ ರಿಮ್ 6 ಇಂಚು ಅಗಲ, ಇಟಿ 45 ಎಂದುಕೊಳ್ಳಿ. ಅಗಲ 152.4 ಮಿ.ಮೀ., ಅರ್ಧ 76.2. ಹಬ್ ಮುಖದಿಂದ ಒಳಕ್ಕೆ 76.2 ಕೂಡಿಸು 45, ಅಂದರೆ 121.2, ಹೊರಕ್ಕೆ 31.2. ಹೊಸ ರಿಮ್ 7 ಇಂಚು, ಇಟಿ 38. ಅರ್ಧ ಅಗಲ 88.9, ಒಳಕ್ಕೆ 126.9, ಹೊರಕ್ಕೆ 50.9. ಒಳಗಡೆ 5.7 ಮಿ.ಮೀ. ಹೋಯಿತು, ಹೊರಗಡೆ 19.7 ಬಂತು. ಇದಕ್ಕೆ 5 ಮಿ.ಮೀ. ಸ್ಪೇಸರ್ ಕೊಟ್ಟರೆ ಒಳಗಡೆ ಹಳೆಯ ಸ್ಥಿತಿಗೆ 0.7 ಮಾತ್ರ ಬಾಕಿ, ಆದರೆ ಹೊರಗಡೆ ಚಕ್ರ ಮೊದಲಿಗಿಂತ 24.7 ಮಿ.ಮೀ. ಆಚೆ ನಿಂತಿದೆ. ಸುಮಾರು ಎರಡೂವರೆ ಸೆಂಟಿಮೀಟರ್! ಫೆಂಡರ್ ಅಂಚಿನ ಕಡೆ ನೋಡದೆ ಸ್ಪೇಸರ್ ಕೊಂಡವರಿಗೆ ಒಳಗಿನ ಸದ್ದು ನಿಂತು ಹೊರಗಿನ ಸದ್ದು ಶುರುವಾಗುವುದು ಇದರಿಂದಲೇ.

ಇದು ರಿಮ್‌ನ ಲೆಕ್ಕ. ಟೈರ್‌ನದ್ದು ಬೇರೆ. ಒಂದೇ ಟೈರನ್ನು ಅರ್ಧ ಇಂಚು ಹೆಚ್ಚು ಅಗಲದ ರಿಮ್‌ಗೆ ಹಾಕಿದರೆ ಅದರ ಒಟ್ಟು ಅಗಲ ಸುಮಾರು 5 ಮಿ.ಮೀ. ಹೆಚ್ಚುತ್ತದೆ. ಅದಲ್ಲದೆ 195 (ಮಿ.ಮೀ. ಅಗಲ) ಎಂದು ಬರೆದ ಎರಡು ಕಂಪನಿಗಳ ಟೈರ್‌ಗಳು ಒಂದೇ ಅಗಲ ಇರುವುದಿಲ್ಲ. ಟ್ರ್ಯಾಕ್‌ನ ಸೆಮಿ ಸ್ಲಿಕ್ ಟೈರ್‌ಗಳ (ಗೀರು ಕಡಿಮೆಯಿರುವವು) ಭುಜ ಚೌಕವಾಗಿರುವುದರಿಂದ ಮೂಲೆಗಳಲ್ಲಿ ಮೊದಲು ತಾಗುತ್ತವೆ. ಕಾಗದದ ಲೆಕ್ಕ ದಾರಿ ತೋರಿಸುತ್ತದೆ, ಕೊನೆಯ ಮಾತು ಸಂದು ಅಳೆಯುವ ಫೀಲರ್ ಗೇಜಿನದ್ದು. ಗೇಜ್ ಇಲ್ಲದಿದ್ದರೆ 5 ಮಿ.ಮೀ.ನ ಅಲೆನ್ ಕೀ ಸಂದಿನಲ್ಲಿ ಸಲೀಸಾಗಿ ಓಡಾಡುತ್ತದೆಯೇ ನೋಡಿದರೂ ಸಾಕು.

ಸ್ಪೇಸರ್‌ಗೆ ಹಣ ಕೊಡುವ ಮೊದಲು ಇನ್ನೆರಡು ವಿಷಯ ಪರೀಕ್ಷಿಸಿ. ಒಂದು, ಕ್ಯಾಂಬರ್ ಎಲ್ಲಿಂದ ತೆಗೆದಿದ್ದೀರಿ? ನಕಲ್ ಮತ್ತು ಸ್ಟ್ರಟ್ ಸೇರುವಲ್ಲಿ ಕ್ಯಾಂಬರ್ ಬೋಲ್ಟ್ ಹಾಕಿ ಚಕ್ರದ ತಲೆಯನ್ನು ಒಳಕ್ಕೆ ವಾಲಿಸಿದ್ದರೆ, ಆ ವಾಲುವಿಕೆ ನೇರವಾಗಿ ಸ್ಟ್ರಟ್‌ನ ಸಂದನ್ನೇ ತಿನ್ನುತ್ತದೆ. ಕೆಳಗಿನ ಬೋಲ್ಟ್‌ನಿಂದ 200 ಮಿ.ಮೀ. ಮೇಲೆ ಟೈರ್ ತಾಗುವ ಜಾಗ ಇದ್ದರೆ ಪ್ರತಿ ಒಂದು ಡಿಗ್ರಿಗೆ 3.5 ಮಿ.ಮೀ. ಹೋಗುತ್ತದೆ; ಎರಡು ಡಿಗ್ರಿಗೆ 7. ಅದೇ ಎರಡು ಡಿಗ್ರಿಯನ್ನು ಸ್ಟ್ರಟ್‌ನ ತಲೆಯಲ್ಲಿರುವ ಕ್ಯಾಂಬರ್ ಪ್ಲೇಟಿನಿಂದ ತೆಗೆದರೆ ಸ್ಟ್ರಟ್ ಮತ್ತು ಚಕ್ರ ಎರಡೂ ಒಟ್ಟಿಗೇ ವಾಲುತ್ತವೆ, ನಡುವಿನ ಸಂದು ಹಾಗೇ ಉಳಿಯುತ್ತದೆ, ಫೆಂಡರ್ ಕಡೆಗೂ ಜಾಗ ಸಿಗುತ್ತದೆ. ಎಷ್ಟೋ ಕಾರುಗಳಲ್ಲಿ ಬೋಲ್ಟನ್ನು ಮೊದಲಿನ ಜಾಗಕ್ಕೆ ತಂದು ಪ್ಲೇಟ್ ಹಾಕಿದರೆ ಸ್ಪೇಸರ್‌ನ ಅಗತ್ಯವೇ ಮಾಯವಾಗುತ್ತದೆ.

ಎರಡು, ಕಾಯಿಲ್ ಓವರ್‌ನ (ಎತ್ತರ ಬದಲಿಸಬಹುದಾದ ಸ್ಟ್ರಟ್) ಸ್ಪ್ರಿಂಗ್ ತಟ್ಟೆ. ಕಂಪನಿಯ ಸ್ಟ್ರಟ್‌ನಲ್ಲಿ ಸ್ಪ್ರಿಂಗ್ ತಟ್ಟೆ ಸಾಮಾನ್ಯವಾಗಿ ಟೈರ್‌ಗಿಂತ ಮೇಲಿರುತ್ತದೆ. ಕಾರು ತಗ್ಗಿಸಲು ಥ್ರೆಡ್ ತಿರುಗಿಸುತ್ತ ಹೋದಂತೆ ತಟ್ಟೆ ಇಳಿದು ಟೈರ್‌ನ ಪಕ್ಕಕ್ಕೇ ಬರುತ್ತದೆ. ಅಷ್ಟೇ ಗಡಸುತನದ, ಒಂದು ಇಂಚು ಗಿಡ್ಡ ಸ್ಪ್ರಿಂಗ್ ಹಾಕಿದರೆ ಕಾರಿನ ಎತ್ತರ ಬದಲಾಗದೆ ತಟ್ಟೆ 25 ಮಿ.ಮೀ. ಮೇಲೇರುತ್ತದೆ. ಚಕ್ರ ಪೂರ್ತಿ ಇಳಿಬಿದ್ದಾಗ ಸ್ಪ್ರಿಂಗ್ ಸಡಿಲವಾಗಿ ಕುಣಿಯದಂತೆ ಹೆಲ್ಪರ್ ಎಂಬ ಮೆತ್ತನೆಯ ಸಣ್ಣ ಸ್ಪ್ರಿಂಗ್ ಬೇಕಾಗಬಹುದು.

ಇವೆರಡೂ ಆಗದು, 3ರಿಂದ 5 ಮಿ.ಮೀ. ಬೇಕೇ ಬೇಕು ಎಂದಾದರೆ ಆಗ ಸ್ಪೇಸರ್. (ರಿಮ್ ಇನ್ನೂ ಕೊಂಡಿಲ್ಲವೇ? ಹಾಗಾದರೆ ಇಟಿ 38ರ ಬದಲು ಇಟಿ 33ರ ಆಸುಪಾಸಿನದ್ದನ್ನೇ ಕೊಳ್ಳಿ. ಫಲ ಒಂದೇ, ಬಿಡಿಭಾಗ ಒಂದು ಕಡಿಮೆ.)

ದಪ್ಪ ಆರಿಸುವಾಗ ಅಡ್ಡ ಬರುವುದು ಹಬ್‌ನ ನಡುವೆ ಮುಂದಕ್ಕೆ ಚಾಚಿರುವ ಉಂಗುರ, ಹಬ್ ಲಿಪ್. ಸ್ವಿಫ್ಟ್‌ನಲ್ಲಿ ಇದು 54.1 ಮಿ.ಮೀ. ವ್ಯಾಸ, ಪೋಲೊದಲ್ಲಿ 57.1. ರಿಮ್ ನಡುವಿಗೆ ಸರಿಯಾಗಿ ಕೂರಲು ಇದೇ ಆಧಾರ. ಸ್ಪೇಸರ್ ಇದರ ಮೇಲೆ ಕೂತಾಗ ಅಷ್ಟು ಉದ್ದವನ್ನು ತಾನೇ ತಿನ್ನುತ್ತದೆ. ಕ್ಯಾಲಿಪರ್‌ನಿಂದ ಲಿಪ್‌ನ ನೇರ ಭಾಗವನ್ನು ಅಳೆದು, ಅದರಿಂದ ಸ್ಪೇಸರ್‌ನ ದಪ್ಪ ಮತ್ತು ರಿಮ್‌ನ ತೂತಿನ ಬಾಯಲ್ಲಿರುವ ಓರೆಯನ್ನು ಕಳೆಯಿರಿ. ಕೊನೆಗೆ ಎರಡು ಮೂರು ಮಿಲಿಮೀಟರ್ ಆದರೂ ಉಳಿಯಬೇಕು. 3 ಮಿ.ಮೀ. ಸ್ಪೇಸರ್‌ನಲ್ಲಿ ಇದು ಸಾಮಾನ್ಯವಾಗಿ ತೊಂದರೆಯಾಗದು, 5ರಲ್ಲಿ ಅಳೆದು ನೋಡಲೇಬೇಕು. 8ರಿಂದ 10 ಮಿ.ಮೀ. ಬಲು ಕೆಟ್ಟ ಅಳತೆ: ಲಿಪ್ ಮುಗಿದುಹೋಗಿರುತ್ತದೆ, ಸ್ಪೇಸರ್‌ಗೇ ತನ್ನದೊಂದು ಲಿಪ್ ಕೊರೆಯುವಷ್ಟು ದಪ್ಪವೂ ಇರುವುದಿಲ್ಲ. 12 ದಾಟಿದ ಮೇಲೆ ಸ್ವಂತ ಲಿಪ್ ಇರುವವು ಸಿಗುತ್ತವೆ. 20ರ ಮೇಲೆ ಬರುವ, ತನ್ನದೇ ಸ್ಟಡ್‌ಗಳಿರುವ (ಚಕ್ರದ ನಟ್ ಕೂರುವ ಥ್ರೆಡ್ ಕಂಬಿ) ಬೋಲ್ಟ್ ಆನ್ ಅಡಾಪ್ಟರ್‌ಗಳು ಟ್ರ್ಯಾಕಿಗೆ ಬೇಡ. ಅಷ್ಟು ಬೇಕಾಗುತ್ತಿದೆ ಎಂದರೆ ರಿಮ್ಮೇ ತಪ್ಪು.

ಹೊರಗಿನ ಬ್ರಾಂಡ್‌ನ ರಿಮ್‌ಗಳ ನಡುತೂತು ದೊಡ್ಡದಿರುತ್ತದೆ, ಅಂತರ ತುಂಬಲು ಉಂಗುರ ಕೊಡುತ್ತಾರೆ. ಪ್ಲಾಸ್ಟಿಕ್ ಉಂಗುರ ಟ್ರ್ಯಾಕಿನ ಬ್ರೇಕ್ ಬಿಸಿಗೆ ಕರಗಿ ಹಬ್‌ಗೆ ಅಂಟುತ್ತದೆ. ಅಲ್ಯೂಮಿನಿಯಂನದ್ದನ್ನೇ ಕೇಳಿ ಪಡೆಯಿರಿ.

ಸ್ಟಡ್‌ನ ವಿಷಯ ಜೀವದ ವಿಷಯ. ಚಕ್ರವನ್ನು ಸ್ಟಡ್‌ಗಳು ಹೊತ್ತು ನಿಂತಿವೆ ಎಂದು ನಾವು ಭಾವಿಸುತ್ತೇವೆ. ನಿಜವಾಗಿ ಹಿಡಿದಿರುವುದು ಘರ್ಷಣೆ. 12 ಮಿ.ಮೀ. ಸ್ಟಡ್‌ನ ಒಣ ನಟ್ಟನ್ನು 100 ನ್ಯೂಟನ್ ಮೀಟರ್‌ಗೆ ಬಿಗಿದರೆ ಅದು ಅಂದಾಜು 4 ಟನ್ ಬಲದಿಂದ ರಿಮ್ಮನ್ನು ಹಬ್‌ಗೆ ಒತ್ತುತ್ತದೆ. ನಾಲ್ಕು ಸೇರಿ 16 ಟನ್. ಆ ಒತ್ತಡ ಇರುವವರೆಗೆ ರಿಮ್ ಕೂದಲೆಳೆಯಷ್ಟೂ ಜಾರುವುದಿಲ್ಲ, ಸ್ಟಡ್ ಬಾಗುವ ಪ್ರಶ್ನೆಯೇ ಇಲ್ಲ. ಒತ್ತಡ ಇಳಿದರೆ ಪ್ರತಿ ಸುತ್ತಿಗೂ ರಿಮ್ ಸ್ವಲ್ಪ ಜಾರುತ್ತದೆ, ಸ್ಟಡ್ ಅತ್ತಿತ್ತ ಬಾಗುತ್ತದೆ, ತಂತಿಯನ್ನು ಬಗ್ಗಿಸಿ ಬಗ್ಗಿಸಿ ಮುರಿದ ಹಾಗೆ ಮುರಿಯುತ್ತದೆ. ಸ್ಪೇಸರ್ ಹಾಕಿದಾಗ ಲೋಹ ಲೋಹ ಕೂಡುವ ಮುಖ ಒಂದಿದ್ದದ್ದು ಎರಡಾಗುತ್ತದೆ. ಎರಡರಲ್ಲಿ ಒಂದರ ನಡುವೆ ಬಣ್ಣ, ತುಕ್ಕು, ಮರಳಿನ ಕಣ ಸಿಕ್ಕಿಕೊಂಡಿದ್ದರೂ ಓಡಾಟದಲ್ಲಿ ಅದು ನುರಿದು ಬಿಗಿ ಕಳೆಯುತ್ತದೆ.

ನಟ್ ಎಷ್ಟು ಸುತ್ತು ಹಿಡಿಯಬೇಕು? ಸ್ಟಡ್‌ನ ವ್ಯಾಸದಷ್ಟು ಉದ್ದವಾದರೂ ಥ್ರೆಡ್ ಹಿಡಿದಿರಬೇಕು. ಸ್ವಿಫ್ಟ್‌ನ ಸ್ಟಡ್ ಎಂ12 (12 ಮಿ.ಮೀ. ವ್ಯಾಸ), ಪಿಚ್ (ಒಂದು ಸುತ್ತಿಗೆ ನಟ್ ಸರಿಯುವ ದೂರ) 1.25 ಮಿ.ಮೀ., ಅಂದರೆ ಹತ್ತು ಸುತ್ತು. ಹೋಂಡಾದಂತೆ ಪಿಚ್ 1.5 ಇದ್ದರೆ ಎಂಟು. ಥ್ರೆಡ್ ಕಚ್ಚಿದ ಕ್ಷಣದಿಂದ ನಟ್ ಕೂರುವವರೆಗೆ ಕೈಯಲ್ಲೇ ತಿರುಗಿಸಿ ಎಣಿಸಿ. 5 ಮಿ.ಮೀ. ಸ್ಪೇಸರ್ 1.25 ಪಿಚ್‌ನಲ್ಲಿ ನಾಲ್ಕು ಸುತ್ತು ಕಸಿಯುತ್ತದೆ. ಅಲಾಯ್ ರಿಮ್‌ನ ದಪ್ಪವೂ ಸೇರಿದರೆ ಕಂಪನಿಯ ಸ್ಟಡ್ ಬಹುಪಾಲು ಸಾಲುವುದಿಲ್ಲ. ತಲೆ ಮುಚ್ಚಿದ ನಟ್‌ಗಳಲ್ಲಿ ಒಳಗೇನಾಗಿದೆ ಎಂದು ಕಾಣಿಸದು. ಟ್ರ್ಯಾಕಿಗೆ ತಲೆ ತೆರೆದ ನಟ್ ಹಾಕಿ, ಸ್ಟಡ್‌ನ ತುದಿ ಹೊರಗೆ ಇಣುಕುವಂತಿರಲಿ.

ಉದ್ದ ಸ್ಟಡ್ ತರುವಾಗ ಥ್ರೆಡ್ ಮಾತ್ರ ಹೊಂದಿದರೆ ಸಾಲದು, ಬುಡದ ಹಲ್ಲುಪಟ್ಟಿಯ ವ್ಯಾಸವೂ ಹಳೆಯದಕ್ಕೆ ಸರಿಹೊಂದಬೇಕು. ಚಿಕ್ಕದಾದರೆ ಬಿಗಿಯುವಾಗ ಸ್ಟಡ್ಡೇ ತಿರುಗುತ್ತದೆ, ದೊಡ್ಡದಾದರೆ ಹಬ್ ಬಿರುಕು ಬಿಡಬಹುದು. ಕೂರಿಸುವುದು ಹೈಡ್ರಾಲಿಕ್ ಪ್ರೆಸ್‌ನಲ್ಲಿ. ಸುತ್ತಿಗೆಯಿಂದ ಬಡಿದರೆ ಪೆಟ್ಟು ಬೀಳುವುದು ವೀಲ್ ಬೇರಿಂಗ್‌ಗೆ. ಪೋಲೊದಂಥ ಬೋಲ್ಟ್ ಕಾರಿನಲ್ಲಿ (ಎಂ14, ಪಿಚ್ 1.5) ಸ್ಪೇಸರ್‌ನ ದಪ್ಪದಷ್ಟೇ ಉದ್ದ ಹೆಚ್ಚಿರುವ ಬೋಲ್ಟ್ ತನ್ನಿ. ಅದಕ್ಕಿಂತ ಉದ್ದವಾದರೆ ಹಬ್‌ನ ಹಿಂದೆ ತೂರಿ ಬೇರೆ ಭಾಗಕ್ಕೆ ತಗುಲಬಹುದು. ಬಿಗಿದ ಮೇಲೆ ಚಕ್ರವನ್ನು ಕೈಯಿಂದ ಪೂರ್ತಿ ಸುತ್ತಿಸಿ ನೋಡಿ. ಈ ಕಾರುಗಳ ಕಂಪನಿ ಬೋಲ್ಟ್‌ನ ಕತ್ತು ಗೋಳಾಕಾರ, ಹೊರಗಿನ ರಿಮ್‌ಗಳದ್ದು ಬಹುತೇಕ 60 ಡಿಗ್ರಿ ಶಂಕುವಿನಾಕಾರ. ಅದಲುಬದಲಾದರೆ ಬಿಗಿ ಇದ್ದಂತೆ ಅನ್ನಿಸುತ್ತದೆ, ಇರುವುದಿಲ್ಲ.

ಶಿವಮೊಗ್ಗದಲ್ಲಿ ಲೇತ್‌ಗೆ ಬರವಿಲ್ಲ. ಫೌಂಡ್ರಿಗಳ ಊರು, ಮಾಚೇನಹಳ್ಳಿ ಕಡೆ ಹೋದರೆ ಕೈ ಕುದುರಿದ ಟರ್ನರ್‌ಗಳು ಸಿಗುತ್ತಾರೆ. ಸ್ಪೇಸರನ್ನು ಇಲ್ಲೇ ಮಾಡಿಸಬಹುದು, ಆದರೆ ಬಾಯಿಮಾತಿನಲ್ಲಿ ಹೇಳಿ ಬರಬೇಡಿ, ಅಳತೆ ಬರೆದುಕೊಡಿ. ಲೋಹ 6061-ಟಿ6 ಅಲ್ಯೂಮಿನಿಯಂ. ಎರಕದ ತುಂಡು ಬೇಡವೇ ಬೇಡ, ಅದು ಸೀಳುತ್ತದೆ. ದಪ್ಪದಲ್ಲಿ ಸುತ್ತಲೂ 0.05 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇರಬಾರದು, ಇದ್ದರೆ ಚಕ್ರ ಅಡ್ಡಾಡುತ್ತದೆ. ಹಬ್ ಲಿಪ್‌ಗೆ ಕೂರುವ ತೂತು ಲಿಪ್‌ಗಿಂತ 0.05ರಿಂದ 0.1 ದೊಡ್ಡದಿರಲಿ. ಸ್ಟಡ್ ತೂತುಗಳನ್ನು ಮಿಲ್ಲಿಂಗ್ ಮಶೀನಿನಲ್ಲಿ ಅಳತೆಯಿಟ್ಟು ಕೊರೆಸಿ. ಪಂಚ್ ಹೊಡೆದು ಡ್ರಿಲ್ ಮಾಡಿದರೆ ತೂತುಗಳು ಕೂರುವ 100 ಮಿ.ಮೀ. ವೃತ್ತ 100 ಇರುವುದಿಲ್ಲ. ಬಹಳ ಜನ ಮರೆಯುವ ಒಂದು ಅಂಶವಿದೆ: ಹಬ್ ಲಿಪ್‌ನ ಬುಡ ಚೂಪು ಮೂಲೆಯಲ್ಲ, ಸಣ್ಣ ಬಳುಕು ಇರುತ್ತದೆ. ಸ್ಪೇಸರ್‌ನ ಒಳಂಚಿಗೆ ಒಂದು ಮಿಲಿಮೀಟರ್ ಓರೆ ಹೊಡೆಸದಿದ್ದರೆ ಅದು ಆ ಬಳುಕಿನ ಮೇಲೇ ಕೂತು ಮುಖಕ್ಕೆ ಅಂಟುವುದಿಲ್ಲ. ಡಿಸ್ಕ್ ಹಿಡಿದಿರುವ ಸ್ಕ್ರೂವಿನ ತಲೆ ಮೇಲೆದ್ದಿದ್ದರೆ ಅದಕ್ಕೂ ಗುಳಿ ಬೇಕು. ಎರಡು ಸ್ಪೇಸರ್ ಒಂದರ ಮೇಲೊಂದು, ಅಥವಾ ಪ್ರತಿ ಸ್ಟಡ್‌ಗೆ ಒಂದೊಂದು ವಾಷರ್ ತೂರಿಸುವ ಜಾಣತನ ಎಲ್ಲಿಯಾದರೂ ಕಂಡರೆ ಆ ಕಾರಿನ ಹಿಂದೆ ಹೋಗಬೇಡಿ.

ಜೋಡಿಸುವ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ಹೊತ್ತು ಹೋಗಬೇಕಾದದ್ದು ಶುಚಿಗೆ. ವರ್ಷದ ನಾಲ್ಕು ತಿಂಗಳು ಮಳೆಯಲ್ಲಿ ನೆನೆಯುವ ಮಲೆನಾಡಿನ ಕಾರಿನ ಹಬ್ ಮುಖದಲ್ಲಿ ತುಕ್ಕಿನ ಹಕ್ಕಳೆ ಇದ್ದೇ ಇರುತ್ತದೆ. ವೈರ್ ಬ್ರಶ್‌ನಿಂದ ಉಜ್ಜಿ, ಬ್ರೇಕ್ ಕ್ಲೀನರ್‌ನಿಂದ ತೊಳೆದು, ಬೆರಳಾಡಿಸಿದರೆ ಏನೂ ತೊಡರಬಾರದು. ಕಬ್ಬಿಣ ಮತ್ತು ಅಲ್ಯೂಮಿನಿಯಂ ಒದ್ದೆಯಲ್ಲಿ ಕೂಡಿ ಕೂತರೆ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಲಿಪ್‌ಗೆ ಮಾತ್ರ ಆ್ಯಂಟಿ ಸೀಜ್ (ಕಚ್ಚಿಕೊಳ್ಳದಂತೆ ತಡೆಯುವ ಲೇಪ) ತೆಳ್ಳಗೆ ಸವರಿ. ಸ್ಟಡ್‌ನ ಥ್ರೆಡ್‌ಗೆ, ನಟ್‌ನ ಓರೆಗೆ ಸವರಬೇಡಿ, ಎಣ್ಣೆಯ ಮೇಲೆ ಅದೇ ಟಾರ್ಕ್ ಕೊಟ್ಟರೆ ಸ್ಟಡ್ ಮಿತಿ ಮೀರಿ ಎಳೆಯಲ್ಪಡುತ್ತದೆ. ಸ್ಪೇಸರ್ ಕೂರಿಸಿ ಕೈಯಿಂದ ಅಲ್ಲಾಡಿಸಿದರೆ ಕುಲುಕಬಾರದು. ಚಕ್ರ ಗಾಳಿಯಲ್ಲಿರುವಾಗಲೇ ನಟ್‌ಗಳನ್ನು ಎದುರುಬದುರಾಗಿ ಮೂರು ಸುತ್ತಿನಲ್ಲಿ ಕೂರಿಸಿ, ಆಮೇಲೆ ನೆಲಕ್ಕಿಳಿಸಿ ಟಾರ್ಕ್ ರೆಂಚ್. ಸಂಖ್ಯೆ ನಿಮ್ಮ ಕಾರಿನ ಕೈಪಿಡಿಯದ್ದು. ಪೋಲೊಗೆ 120 ನ್ಯೂಟನ್ ಮೀಟರ್. ಪಂಕ್ಚರ್ ಅಂಗಡಿಯ ಗಾಳಿ ಗನ್ನಿನಿಂದ ಬಿಗಿಸಿ ‘ಫುಲ್ ಟೈಟ್’ ಎಂದರೆ ಅದು ಅಳತೆಯಲ್ಲ.

50ರಿಂದ 100 ಕಿ.ಮೀ. ಓಡಿದ ಮೇಲೆ ಮತ್ತೆ ರೆಂಚ್ ಹಿಡಿಯಿರಿ. ಮೊದಲ ಸಲ ಸ್ವಲ್ಪ ತಿರುಗುವುದು ಸಹಜ. ಎರಡನೇ ಸಲವೂ ತಿರುಗಿದರೆ ಎಲ್ಲೋ ಮುಖ ಕೂತಿಲ್ಲ. ಬಿಚ್ಚಿ ನೋಡಬೇಕು, ಇನ್ನಷ್ಟು ಬಿಗಿಯುವುದಲ್ಲ.

ಅಡ್ಡಪರಿಣಾಮಗಳ ಬಗ್ಗೆ ಹೆದರಿಕೆಯೂ ಹೆಚ್ಚು, ಉಡಾಫೆಯೂ ಹೆಚ್ಚು. 5 ಮಿ.ಮೀ. ಸ್ಪೇಸರ್‌ನಿಂದ ಬೇರಿಂಗ್ ತಿಂಗಳಲ್ಲಿ ಹಾಳಾಗುತ್ತದೆ ಎಂಬುದು ಉತ್ಪ್ರೇಕ್ಷೆ. ಹಿಡಿತ ಹೆಚ್ಚಿರುವ ಟೈರ್ ಅದಕ್ಕಿಂತ ಹೆಚ್ಚು ಭಾರ ಹೇರುತ್ತದೆ. 20 ಮಿ.ಮೀ.ಗೆ ಈ ಸಮಾಧಾನ ಅನ್ವಯಿಸುವುದಿಲ್ಲ. ನಿಜಕ್ಕೂ ಗೊತ್ತಾಗುವುದು ಮುಂದಿನ ಚಕ್ರಗಳ ಸ್ಕ್ರಬ್ ರೇಡಿಯಸ್‌ನಲ್ಲಿ. ಸ್ಟೇರಿಂಗ್ ತಿರುಗುವ ಅಕ್ಷ ನೆಲಕ್ಕೆ ಮುಟ್ಟುವ ಬಿಂದುವಿಗೂ ಟೈರ್‌ನ ನಡುವಿಗೂ ಇರುವ ಅಂತರ ಅದು. ಚಕ್ರವನ್ನು ಹೊರತಳ್ಳಿದಷ್ಟೇ ಅದೂ ಬದಲಾಗುತ್ತದೆ. ಒಂದು ಬದಿ ಒಣ ಟಾರ್, ಇನ್ನೊಂದು ಬದಿ ಒದ್ದೆ ತರಗೆಲೆ ಇರುವ ತೀರ್ಥಹಳ್ಳಿ ರಸ್ತೆಯಲ್ಲಿ ಬ್ರೇಕ್ ಒತ್ತಿದಾಗ ಸ್ಟೇರಿಂಗ್ ಕೈಯನ್ನು ಮೊದಲಿಗಿಂತ ಜೋರಾಗಿ ಎಳೆಯುವುದು ಇದರಿಂದ. ಟ್ರ್ಯಾಕಿನಲ್ಲಿ ಕರ್ಬ್ ಹತ್ತಿದಾಗಲೂ ಹಾಗೇ.

ಫೆಂಡರ್ ಅಂಚು ಅಡ್ಡ ಬಂದರೆ ಒಳಮಡಿಕೆಯನ್ನು ರೋಲರ್‌ನಿಂದ ಮಡಿಸಿ ಒಳಗೊತ್ತುತ್ತಾರೆ. ಬಣ್ಣವನ್ನು ಹೀಟ್ ಗನ್ನಿನಿಂದ ಬೆಚ್ಚಗಾಗಿಸದೆ ಮಾಡಿದರೆ ಬಿರಿಯುತ್ತದೆ, ಬಿರುಕಿಗೆ ಪ್ರೈಮರ್ ಬಳಿಯದಿದ್ದರೆ ಒಂದೇ ಮಳೆಗಾಲ ಸಾಕು, ಅಂಚು ತುಕ್ಕು ಹಿಡಿದು ಉದುರುತ್ತದೆ. ಸ್ಪರ್ಧೆಗೆ ಇಳಿಯುವವರು ಆಯಾ ಕ್ಲಾಸಿನ ನಿಯಮದಲ್ಲಿ ಸ್ಪೇಸರ್‌ಗೆ, ಟ್ರ್ಯಾಕ್ ಅಗಲಕ್ಕೆ (ಎಡಬಲ ಚಕ್ರಗಳ ನಡುವಿನ ಅಂತರ) ಅವಕಾಶವಿದೆಯೇ ಎಂದು ಮೊದಲೇ ಓದಿಕೊಳ್ಳಿ. ಕಾರು ಪರೀಕ್ಷಿಸುವ ಸ್ಕ್ರೂಟಿನಿಯ ಮೇಜಿನ ಮುಂದೆ ವಾದ ಮಾಡಿ ಪ್ರಯೋಜನವಿಲ್ಲ.

ಇನ್ನೊಂದು ಲೆಕ್ಕ ಟ್ರ್ಯಾಕಿನಲ್ಲಲ್ಲ, ದಾರಿಯಲ್ಲಿದೆ. ನಮ್ಮಲ್ಲಿಂದ ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕಿಗೆ 600 ಕಿ.ಮೀ.ಗೂ ಹೆಚ್ಚು, ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಕೂಡ ಹತ್ತಿರದ್ದೇನಲ್ಲ. ಟ್ರೇಲರ್ ಇಲ್ಲದವರು ನಾಲ್ಕು ಸೆಮಿ ಸ್ಲಿಕ್, ಟ್ರಾಲಿ ಜಾಕ್, ಟೂಲ್ ಪೆಟ್ಟಿಗೆ ಎಲ್ಲ ಹಿಂದೆ ತುಂಬಿಕೊಂಡು ಅದೇ ಕಾರಿನಲ್ಲಿ ಹೊರಡುತ್ತಾರೆ. ಖಾಲಿ ಕಾರಿನಲ್ಲಿ ಎಲ್ಲೂ ತಾಗದ ಹಿಂದಿನ ಟೈರ್ ನೂರು ಕಿಲೋ ಬಿದ್ದ ಮೇಲೆ ರಸ್ತೆ ಉಬ್ಬಿನಲ್ಲಿ ಫೆಂಡರ್ ಕಚ್ಚುವುದು ಇಲ್ಲೇ. ಪರೀಕ್ಷೆಯನ್ನು ಸಾಮಾನು ತುಂಬಿದ ಕಾರಿನಲ್ಲೂ ಒಮ್ಮೆ ಮಾಡಿ, ದಾರಿಗೆ ಹಳೆಯ ರಿಮ್ ಮತ್ತು ಟೈರ್ ಹಾಕಿಕೊಂಡು ಹೋಗಿ, ಸ್ಪೇಸರ್ ಸಹಿತ ಟ್ರ್ಯಾಕ್ ಚಕ್ರಗಳನ್ನು ಪಿಟ್‌ನಲ್ಲೇ ಜೋಡಿಸಿ. ಆದರೆ ಉದ್ದ ಸ್ಟಡ್ ಹಾಕಿದ ಕಾರಿಗೆ ತಲೆ ಮುಚ್ಚಿದ ಹಳೆಯ ನಟ್ ಕೂರುವುದಿಲ್ಲ: ನಟ್‌ನ ತಲೆ ಸ್ಟಡ್‌ನ ತುದಿಗೆ ಮುಟ್ಟಿ ನಿಲ್ಲುತ್ತದೆ, ರೆಂಚ್ ಟಕ್ ಎನ್ನುತ್ತದೆ, ರಿಮ್ ಮಾತ್ರ ಸಡಿಲವೇ. ದಾರಿಗೂ ತಲೆ ತೆರೆದ ನಟ್‌ಗಳೇ ಇರಲಿ, ಡಿಕ್ಕಿಯಲ್ಲಿ ನಾಲ್ಕು ಹೆಚ್ಚಿಗೆ ಇರಲಿ.

ಟ್ರ್ಯಾಕಿನಲ್ಲಿ ಪ್ರತಿ ನಟ್‌ನ ಮೇಲೂ ರಿಮ್‌ನ ಮೇಲೂ ಸೇರುವಂತೆ ಪೇಂಟ್ ಪೆನ್ನಿನಿಂದ ಒಂದು ಗೆರೆ ಎಳೆದಿಡಿ. ಸೆಷನ್ ಮುಗಿದು ಬಂದಾಗ ಗೆರೆ ಮುರಿದಿದೆಯೇ ಎಂದು ಕಣ್ಣಲ್ಲೇ ಕಾಣುತ್ತದೆ. ರೆಂಚ್ ಹಾಕುವುದು ಹಬ್ ಕೈಗೆ ಮುಟ್ಟುವಷ್ಟು ಆರಿದ ಮೇಲೆ.